ರೋಮ್ ಪ್ರವಾಸಕ್ಕೆ ಹೊರಡುವ ಮುನ್ನ: ನೋಡುವುದು, ಉಣ್ಣುವುದು, ಕೊಳ್ಳುವುದು

ನಮ್ಮ ಕರಾವಳಿಯ ಧರ್ಮಕೇಂದ್ರಗಳಿಂದ ರೋಮ್ ನಗರಕ್ಕೆ ಹೋಗಿ ಬರುವವರು ಈಗ ಅಪರೂಪವೇನಲ್ಲ. ಹೆತ್ತವರ ಮದುವೆಯ ಸುವರ್ಣ ಮಹೋತ್ಸವಕ್ಕೆಂದು ಮಕ್ಕಳು ಟಿಕೆಟ್ ಕಳುಹಿಸಿಕೊಡುತ್ತಾರೆ. ಗಲ್ಫ್‌ನಲ್ಲಿ ದುಡಿದು ಊರಿಗೆ ಮರಳಿದ ದಂಪತಿ ಉಳಿತಾಯದ ಒಂದು ಪಾಲನ್ನು ಇದಕ್ಕಾಗಿ ತೆಗೆದಿಡುತ್ತಾರೆ. ಧರ್ಮಕೇಂದ್ರದ ಗುಂಪುಗಳೂ ಹೊರಡುತ್ತವೆ. ಹೆಚ್ಚಿನವರಿಗೆ ಇದು ಜೀವಮಾನದಲ್ಲಿ ಒಮ್ಮೆ ಮಾತ್ರ ಮಾಡುವ ಖರ್ಚು. ಆದರೆ ಎಂಟು ದಿನಗಳಲ್ಲಿ ಐದು ದೇಶ ಎಂಬ ಲೆಕ್ಕದಲ್ಲಿ ಹೊರಟವರಿಗೆ ರೋಮ್ ಸಿಗುವುದು ಒಂದೂವರೆ ದಿನ ಮಾತ್ರ. ಅದರಲ್ಲಿ ಅರ್ಧ ಬಸ್ಸಿನ ಕಿಟಕಿಯಲ್ಲಿ, ಉಳಿದರ್ಧ ಸರತಿ ಸಾಲಿನಲ್ಲಿ ಕಳೆದುಹೋಗುತ್ತದೆ.

ಆದ್ದರಿಂದ ಸ್ವತಂತ್ರವಾಗಿ ಅಥವಾ ಚಿಕ್ಕ ಗುಂಪಾಗಿ ನಾಲ್ಕೈದು ದಿನ ರೋಮ್‌ನಲ್ಲೇ ನಿಲ್ಲಲು ಬಯಸುವವರಿಗಾಗಿ ಈ ಮಾಹಿತಿಯನ್ನು ಕೊಡುತ್ತಿದ್ದೇವೆ. ಮುಖ್ಯವಾಗಿ ಮನಸ್ಸಿನಲ್ಲಿ ಇಟ್ಟುಕೊಳ್ಳಬೇಕಾದ ಮಾತು ಇಷ್ಟೆ: ರೋಮ್‌ನಲ್ಲಿ ಅತ್ಯುತ್ತಮವಾದುದರಲ್ಲಿ ಹೆಚ್ಚಿನದನ್ನು ಉಚಿತವಾಗಿಯೇ ನೋಡಬಹುದು. ಹಣ ಕೊಟ್ಟು ಮುಂಚಿತವಾಗಿ ಕಾದಿರಿಸಬೇಕಾದ ದೊಡ್ಡ ಸ್ಥಳಗಳು ಎರಡೇ. ಉಳಿದ ಹಣವನ್ನು ಹತ್ತಿರದ ವಸತಿಗೂ ಒಳ್ಳೆಯ ಊಟಕ್ಕೂ ಇಟ್ಟುಕೊಂಡು, ದಿನಕ್ಕೆ ಒಂದೇ ಭಾಗವನ್ನು ನಡೆದು ನೋಡುವವರೇ ಈ ನಗರವನ್ನು ನಿಜವಾಗಿ ಕಾಣುತ್ತಾರೆ.

ವೀಸಾ ಮತ್ತು ಹೊರಡುವ ಕಾಲ

ಇಟಲಿಗೆ ಬೇಕಾದುದು ಷೆಂಗೆನ್ ವೀಸಾ. ವ್ಯಾಟಿಕನ್‌ಗೆ ಪ್ರತ್ಯೇಕ ವೀಸಾ ಇಲ್ಲ. ಪ್ರಯಾಣಕ್ಕೆ ಆರು ತಿಂಗಳ ಮೊದಲಿನಿಂದ ಅರ್ಜಿ ಹಾಕಬಹುದು; ತಡವೆಂದರೆ 15 ದಿನಗಳ ಮೊದಲು. ಆದರೆ ಬೇಸಿಗೆಯಲ್ಲಿ ಸಂದರ್ಶನದ ದಿನಾಂಕ ಸಿಗುವುದೇ ಕಷ್ಟವಾದುದರಿಂದ ಮೂರು ತಿಂಗಳ ಮೊದಲೇ ಕೆಲಸ ಆರಂಭಿಸುವುದು ಲೇಸು. ವಯಸ್ಕರ ಶುಲ್ಕ 2024ರ ಜೂನ್‌ನಲ್ಲಿ 90 ಯುರೋಗೆ ಏರಿತು. ವೀಸಾ ನಿರಾಕರಿಸಿದರೆ ಈ ಹಣ ಹಿಂದಕ್ಕೆ ಬರುವುದಿಲ್ಲ. ಕನಿಷ್ಠ 30,000 ಯುರೋ ಮೊತ್ತದ ವೈದ್ಯಕೀಯ ವಿಮೆ ಕಡ್ಡಾಯ. ಇಟಲಿಯಿಂದ ಹೊರಡುವ ದಿನದ ನಂತರವೂ ಪಾಸ್‌ಪೋರ್ಟಿಗೆ ಮೂರು ತಿಂಗಳ ಅವಧಿ ಇರಬೇಕು, ಎರಡು ಖಾಲಿ ಪುಟ ಇರಬೇಕು. ವೀಸಾ ಕೈಗೆ ಬರುವ ಮೊದಲು ಹಣ ಮರಳದಂಥ ವಿಮಾನ ಟಿಕೆಟ್ಟನ್ನಾಗಲಿ ವಸತಿಯನ್ನಾಗಲಿ ಕೊಳ್ಳಬಾರದು. ಏಜೆಂಟರು ಅವಸರ ಮಾಡಿದರೂ ಈ ವಿಷಯದಲ್ಲಿ ಗಟ್ಟಿಯಾಗಿ ನಿಲ್ಲಬೇಕು.

2025ರ ಅಕ್ಟೋಬರ್ 12ರಿಂದ ಯುರೋಪಿನ ಗಡಿಗಳಲ್ಲಿ ಹೊಸ ದಾಖಲೆ ವ್ಯವಸ್ಥೆ ಹಂತಹಂತವಾಗಿ ಜಾರಿಗೆ ಬಂದಿದೆ. ಮುದ್ರೆ ಒತ್ತುವ ಬದಲು ಪ್ರಯಾಣಿಕರ ಮುಖದ ಚಿತ್ರ ತೆಗೆದು ಕಂಪ್ಯೂಟರಿನಲ್ಲಿ ದಾಖಲಿಸುತ್ತಾರೆ. ಇದಕ್ಕೆ ಸಮಯ ಹಿಡಿಯುವುದರಿಂದ, ಇಳಿದ ದಿನವೇ ಯಾವುದೇ ಟಿಕೆಟ್ ಕಾದಿರಿಸಬೇಡಿ.

ಕಾಲದ ವಿಷಯ: ಏಪ್ರಿಲ್, ಮೇ ಮತ್ತು ಅಕ್ಟೋಬರ್ ಹಿತವಾದ ತಿಂಗಳುಗಳು. ಜುಲೈ, ಆಗಸ್ಟ್‌ನಲ್ಲಿ ಬಿಸಿಲು ವಿಪರೀತ. ಆಗಸ್ಟ್ 15ರ ಆಸುಪಾಸಿನಲ್ಲಿ ಹಲವು ಅಂಗಡಿ, ಊಟದ ಮನೆಗಳು ರಜೆಯಲ್ಲಿರುತ್ತವೆ. ಪವಿತ್ರ ವಾರದಲ್ಲಿ ಹೋಗಬಯಸುವವರು ಜನಸಂದಣಿಗೂ ಹೆಚ್ಚಿನ ಬಾಡಿಗೆಗೂ ಸಿದ್ಧರಾಗಿರಬೇಕು. 2025ರ ಜುಬಿಲಿ ವರ್ಷ 2026ರ ಜನವರಿ 6ರಂದು ಸಮಾಪ್ತಿಗೊಂಡಿದೆ, ಪವಿತ್ರ ದ್ವಾರವನ್ನು ಮುಚ್ಚಲಾಗಿದೆ. ಆದ್ದರಿಂದ ಜುಬಿಲಿಯ ಹೆಸರಿನಲ್ಲಿ ಈಗಲೂ ಯಾರಾದರೂ ಪ್ಯಾಕೇಜ್ ಮಾರಲು ಬಂದರೆ ವಿಚಾರಿಸಿ ನೋಡಿ.

ವಸತಿ ಮತ್ತು ಓಡಾಟ

ಫ್ಯುಮಿಚಿನೊ ವಿಮಾನ ನಿಲ್ದಾಣದಿಂದ ನಗರದ ಮುಖ್ಯ ರೈಲು ನಿಲ್ದಾಣವಾದ ಟರ್ಮಿನಿಗೆ ನೇರ ರೈಲಿನಲ್ಲಿ 32 ನಿಮಿಷ. ಟ್ಯಾಕ್ಸಿ ಬೇಕೆಂದರೆ ಬಿಳಿ ಬಣ್ಣದ ಅಧಿಕೃತ ಟ್ಯಾಕ್ಸಿಯನ್ನೇ ಹಿಡಿಯಬೇಕು. ಹಳೆಯ ಕೋಟೆ ಗೋಡೆಯ ಒಳಗಿನ ವಿಳಾಸಗಳಿಗೆ ನಗರಾಡಳಿತ ನಿಗದಿ ಮಾಡಿದ ಒಂದೇ ದರ ಉಂಟು. ಅದು ವ್ಯಕ್ತಿಗಲ್ಲ, ಇಡೀ ವಾಹನಕ್ಕೆ. ನಾಲ್ಕು ಜನರಿದ್ದರೆ ಟ್ಯಾಕ್ಸಿಯೇ ಅಗ್ಗವಾಗಬಹುದು. ನಿಲ್ದಾಣದ ಒಳಗೇ ಬಂದು ಕೈಹಿಡಿದು ಕರೆಯುವ ಚಾಲಕರ ಹಿಂದೆ ಹೋಗಬೇಡಿ.

ಅಗ್ಗವೆಂದು ನಗರದ ಹೊರಗೆ ವಸತಿ ಹಿಡಿದರೆ ಉಳಿದ ಹಣ ಓಡಾಟಕ್ಕೆ ಹೋಗುತ್ತದೆ, ಮಧ್ಯಾಹ್ನ ಕೋಣೆಗೆ ಮರಳಿ ಕಾಲು ಚಾಚಲು ಸಾಧ್ಯವಾಗುವುದಿಲ್ಲ. ಅರುವತ್ತು ದಾಟಿದವರಿಗೆ ಆ ಒಂದೆರಡು ಗಂಟೆಯ ವಿಶ್ರಾಂತಿಯೇ ಇಡೀ ಪ್ರವಾಸವನ್ನು ಉಳಿಸುತ್ತದೆ. ಮೆಟ್ರೊ ನಿಲ್ದಾಣಕ್ಕೆ ಹತ್ತು ನಿಮಿಷದ ನಡಿಗೆಯಲ್ಲಿರುವ ಸ್ಥಳವನ್ನೇ ಆರಿಸಿ. ಧರ್ಮಭಗಿನಿಯರ ಮಠಗಳು ನಡೆಸುವ ಅತಿಥಿಗೃಹಗಳು ಶುಚಿಯಾಗಿಯೂ ಸುರಕ್ಷಿತವಾಗಿಯೂ ಇರುತ್ತವೆ. ಆದರೆ ಕೆಲವೆಡೆ ರಾತ್ರಿ ನಿಗದಿತ ಹೊತ್ತಿಗೆ ಬಾಗಿಲು ಹಾಕುತ್ತಾರೆ, ಲಿಫ್ಟ್ ಇಲ್ಲದಿರುವುದೂ ಉಂಟು. ಇವೆರಡನ್ನು ಮೊದಲೇ ಕೇಳಿ ತಿಳಿಯಿರಿ. ಬಾಡಿಗೆಯ ಜೊತೆಗೆ ಪ್ರತಿ ರಾತ್ರಿ, ಪ್ರತಿ ವ್ಯಕ್ತಿಗೆ ನಗರ ತೆರಿಗೆ ಇದೆ. ಇಂಟರ್ನೆಟ್ಟಿನಲ್ಲಿ ಕಾಣುವ ದರದಲ್ಲಿ ಅದು ಹೆಚ್ಚಾಗಿ ಸೇರಿರುವುದಿಲ್ಲ.

ಬಸ್, ಟ್ರಾಮ್, ಮೆಟ್ರೊಗಳಿಗೆ ಒಂದೇ ಟಿಕೆಟ್. 1.50 ಯುರೋದ ಟಿಕೆಟ್ 100 ನಿಮಿಷ ನಡೆಯುತ್ತದೆ, ಅದರಲ್ಲಿ ಮೆಟ್ರೊ ಪ್ರಯಾಣ ಒಂದು ಬಾರಿ. ಬಸ್ಸಿಗೆ ಹತ್ತಿದ ಕೂಡಲೇ ಯಂತ್ರದಲ್ಲಿ ಟಿಕೆಟ್ಟಿಗೆ ಗುರುತು ಹಾಕಿಸಬೇಕು. ಟಿಕೆಟ್ ಕೈಯಲ್ಲಿದ್ದು ಗುರುತು ಇಲ್ಲದಿದ್ದರೂ ದಂಡ ತಪ್ಪುವುದಿಲ್ಲ.

ನಾಲ್ಕು ದಿನ, ನಾಲ್ಕು ಭಾಗ

ಮೊದಲ ದಿನ ವ್ಯಾಟಿಕನ್. ಮೆಟ್ರೊ ಎ ಮಾರ್ಗದ ಒಟ್ಟಾವಿಯಾನೊ ನಿಲ್ದಾಣದಲ್ಲಿ ಇಳಿಯಬೇಕು. ಸಂತ ಪೇತ್ರರ ಮಹಾದೇವಾಲಯಕ್ಕೆ ಪ್ರವೇಶ ಉಚಿತ. ಭದ್ರತಾ ತಪಾಸಣೆಯ ಸಾಲು ಮಾತ್ರ ಉದ್ದ. ಬೆಳಿಗ್ಗೆ ಬೇಗ ಹೋದವರಿಗೆ ಸಾಲು ಚಿಕ್ಕದು. ಭುಜ, ಮೊಣಕಾಲು ಮುಚ್ಚುವ ಉಡುಪು ಕಡ್ಡಾಯ; ನಮ್ಮ ಸೀರೆ, ಚೂಡಿದಾರಕ್ಕೆ ತೊಂದರೆ ಇಲ್ಲ. ಗುಮ್ಮಟ ಹತ್ತಲು ಒಟ್ಟು 551 ಮೆಟ್ಟಿಲು. ಲಿಫ್ಟಿನ ಟಿಕೆಟ್ ಕೊಂಡರೂ ಕೊನೆಯ 320 ಮೆಟ್ಟಿಲುಗಳನ್ನು ಇಕ್ಕಟ್ಟಿನ ದಾರಿಯಲ್ಲಿ ಹತ್ತಲೇಬೇಕು. ಹೃದಯದ ತೊಂದರೆ, ಮೊಣಕಾಲು ನೋವು ಇರುವವರು ಲಿಫ್ಟ್ ತಲುಪುವ ಮಾಳಿಗೆಯಲ್ಲೇ ನಿಂತು ನೋಡುವುದು ವಿವೇಕ.

ವ್ಯಾಟಿಕನ್ ಮ್ಯೂಸಿಯಂಗಳು ಮತ್ತು ಸಿಸ್ಟೀನ್ ಪ್ರಾರ್ಥನಾ ಮಂದಿರವೇ ಮುಂಚಿತವಾಗಿ ಕಾದಿರಿಸಬೇಕಾದ ಮೊದಲ ಸ್ಥಳ. ಟಿಕೆಟ್ಟನ್ನು ಮ್ಯೂಸಿಯಂನ ಸ್ವಂತ ವೆಬ್‌ಸೈಟಿನಲ್ಲೇ ಕೊಳ್ಳಬೇಕು. ಅದನ್ನೇ ಹೋಲುವ ಹೆಸರಿನ ಮಧ್ಯವರ್ತಿಗಳು ಬಹಳ ಇದ್ದಾರೆ. ಮೈಕೆಲಾಂಜೆಲೊ ಛಾವಣಿಯ ಚಿತ್ರಗಳನ್ನು 1508ರಿಂದ 1512ರವರೆಗೆ, ಬಲಿಪೀಠದ ಹಿಂದಿನ ಅಂತಿಮ ತೀರ್ಪಿನ ಚಿತ್ರವನ್ನು 1536ರಿಂದ 1541ರವರೆಗೆ ಬಿಡಿಸಿದನು. ಒಳಗೆ ಫೋಟೋ ತೆಗೆಯುವಂತಿಲ್ಲ, ಮಾತನಾಡುವಂತಿಲ್ಲ. ಮ್ಯೂಸಿಯಂನ ಬಾಗಿಲು ಸಂತ ಪೇತ್ರರ ಚೌಕದಲ್ಲಿ ಇಲ್ಲ. ಕೋಟೆಗೋಡೆಯ ಹೊರಗಿನಿಂದ ಸುತ್ತಿ ಕಾಲು ಗಂಟೆಗೂ ಮಿಕ್ಕಿ ನಡೆಯಬೇಕು. ಇದನ್ನು ತಿಳಿಯದೆ ಸಮಯ ತಪ್ಪಿಸಿಕೊಳ್ಳುವವರು ಅನೇಕ. ಭಾನುವಾರ ಮ್ಯೂಸಿಯಂಗೆ ರಜೆ. ತಿಂಗಳ ಕೊನೆಯ ಭಾನುವಾರ ಮಾತ್ರ ಬೆಳಿಗ್ಗೆ ಉಚಿತವಾಗಿ ತೆರೆದಿರುತ್ತದೆ, ಆದರೆ ಅಂದು ನೂಕುನುಗ್ಗಲು.

ಜಗದ್ಗುರುಗಳ ಸಾರ್ವಜನಿಕ ದರ್ಶನ ಸಾಮಾನ್ಯವಾಗಿ ಬುಧವಾರ ಬೆಳಿಗ್ಗೆ, ತ್ರಿಕಾಲ ಪ್ರಾರ್ಥನೆ ಭಾನುವಾರ ಮಧ್ಯಾಹ್ನ 12 ಗಂಟೆಗೆ. ಬುಧವಾರದ ದರ್ಶನದ ಪ್ರವೇಶ ಪತ್ರ ಸಂಪೂರ್ಣ ಉಚಿತ. ಅದಕ್ಕೆ ಹಣ ಕೇಳುವವನು ಯಾರೇ ಆಗಿರಲಿ, ಮೋಸ ಮಾಡುತ್ತಿದ್ದಾನೆಂದೇ ತಿಳಿಯಬೇಕು. ಚೌಕದಲ್ಲಿ ದರ್ಶನ ನಡೆಯುವ ಹೊತ್ತಿನಲ್ಲಿ ಮಹಾದೇವಾಲಯ ಮುಚ್ಚಿರುತ್ತದೆ; ಅಂದು ದೇವಾಲಯವನ್ನು ಮಧ್ಯಾಹ್ನದ ನಂತರಕ್ಕೆ ಇಟ್ಟುಕೊಳ್ಳಿ. ಜುಲೈಯಲ್ಲಿ ಹೋಗುವವರು ದರ್ಶನ ಇದೆಯೇ ಎಂದು ಮೊದಲೇ ಖಚಿತಪಡಿಸಿಕೊಳ್ಳಬೇಕು.

ಎರಡನೆಯ ದಿನ ಕೊಲೋಸಿಯಂ. ಇದು ಕಾದಿರಿಸಬೇಕಾದ ಎರಡನೆಯ ಸ್ಥಳ. ಚಕ್ರವರ್ತಿ ವೆಸ್ಪಾಸಿಯನ್ ಆರಂಭಿಸಿದ ಈ ಕ್ರೀಡಾಂಗಣವನ್ನು ಅವನ ಮಗ ಟೈಟಸ್ ಕ್ರಿ.ಶ. 80ರಲ್ಲಿ ಉದ್ಘಾಟಿಸಿದನು. ಟಿಕೆಟ್ಟಿನಲ್ಲಿ ಹೆಸರು ಮುದ್ರಿತವಾಗಿರುವುದರಿಂದ ಪಾಸ್‌ಪೋರ್ಟಿನಲ್ಲಿ ಇರುವ ಹೆಸರನ್ನೇ ಕೊಡಬೇಕು. ಅದೇ ಟಿಕೆಟ್ಟಿನಲ್ಲಿ ಪಕ್ಕದ ರೋಮನ್ ಫೋರಂ ಮತ್ತು ಪಾಲಟೈನ್ ಗುಡ್ಡವನ್ನೂ ನೋಡಬಹುದು. ಅಲ್ಲಿ ನೆರಳು ಕಡಿಮೆ, ಕಲ್ಲಿನ ದಾರಿ ಏರಿಳಿತದ್ದು. ಬಿಸಿಲೇರುವ ಮೊದಲೇ ಮುಗಿಸುವುದು ಒಳ್ಳೆಯದು. ಕೊಲೋಸಿಯಂನಿಂದ ಸ್ವಲ್ಪ ಮೇಲೆ ನಡೆದರೆ ಸರಪಳಿಗಳ ಸಂತ ಪೇತ್ರರ ಇಗರ್ಜಿ. ಮೈಕೆಲಾಂಜೆಲೊನ ಪ್ರಸಿದ್ಧ ಮೋಶೆಯ ವಿಗ್ರಹ ಇರುವುದು ಇಲ್ಲೇ. ಇದಕ್ಕೆ ಶುಲ್ಕವಿಲ್ಲ.

ಮೂರನೆಯ ದಿನ ಹಳೆಯ ನಗರ, ಪೂರ್ತಿ ನಡಿಗೆ. ನಮ್ಮ ಕರಾವಳಿಯವರಿಗೆ ಆಪ್ತವೆನಿಸುವ ದಿನವಿದು. ಜೇಸು ಇಗರ್ಜಿಯಲ್ಲಿ ಲೊಯೋಲದ ಸಂತ ಇಗ್ನಾಸಿಯವರ ಸಮಾಧಿಯಿದೆ. ಅದರ ಎದುರಿನ ಬಲಿಪೀಠದಲ್ಲಿ ಸಂತ ಫ್ರಾನ್ಸಿಸ್ ಕ್ಸೇವಿಯರರ ತೋಳನ್ನು ಇಟ್ಟಿದ್ದಾರೆ. ಹಳೆ ಗೋವಾದಲ್ಲಿ ಅವರ ಪಾರ್ಥಿವ ಶರೀರದ ದರ್ಶನ ಮಾಡಿ ಬಂದವರು ಇದನ್ನು ನೋಡದೆ ಮರಳಬಾರದು. ಅಲ್ಲಿಂದ ಹತ್ತು ನಿಮಿಷದ ದೂರದಲ್ಲಿ ಸಂತ ಇಗ್ನಾಸಿಯವರ ಇಗರ್ಜಿ. ಮಂಗಳೂರಿನ ಅಲೋಶಿಯಸ್ ಪ್ರಾರ್ಥನಾಲಯ ಯಾವ ಸಂತರ ಹೆಸರಿನಲ್ಲಿದೆಯೋ ಆ ಸಂತ ಅಲೋಶಿಯಸ್ ಗೊನ್ಸಾಗರ ಸಮಾಧಿ ಇಲ್ಲಿದೆ. 1591ರಲ್ಲಿ ರೋಮ್‌ನಲ್ಲಿ ಸಾಂಕ್ರಾಮಿಕ ಪೀಡಿತರ ಸೇವೆ ಮಾಡುತ್ತಾ ರೋಗ ತಗಲಿ ಅವರು ತೀರಿಕೊಂಡಾಗ ವಯಸ್ಸು ಕೇವಲ 23. ಛಾವಣಿಯಲ್ಲಿ ಕಾಣುವ ಗುಮ್ಮಟ ನಿಜವಾದುದಲ್ಲ; ಯೇಸುಸಭೆಯ ಸಹೋದರ ಆಂಡ್ರೆಯಾ ಪೊಝೊ ಬಿಡಿಸಿದ ಚಿತ್ರ. ನೆಲದಲ್ಲಿ ಗುರುತು ಮಾಡಿದ ಸ್ಥಳದಲ್ಲಿ ನಿಂತರೆ ಮಾತ್ರ ಅದು ಗುಮ್ಮಟದಂತೆ ಕಾಣುತ್ತದೆ. ಮಂಗಳೂರಿನ ಪ್ರಾರ್ಥನಾಲಯದ ಗೋಡೆ, ಛಾವಣಿಗಳನ್ನು ಚಿತ್ರಿಸಿದ ಆಂಟೋನಿಯೊ ಮೊಸ್ಕೇನಿಯವರೂ ಅದೇ ಸಭೆಯ ಸಹೋದರರು, ಇಟಲಿಯವರು. ಆ ಚಿತ್ರಗಳನ್ನು ಬಲ್ಲವರಿಗೆ ಇಲ್ಲಿ ತಲೆಯೆತ್ತಿದ ಕೂಡಲೇ ಪರಿಚಿತ ಭಾವ ಮೂಡುತ್ತದೆ.

ಮುಂದೆ ಪ್ಯಾಂಥಿಯನ್. ರೋಮನರ ಈ ದೇವಾಲಯ 609ರಲ್ಲಿ ಕ್ರೈಸ್ತ ಇಗರ್ಜಿಯಾಯಿತು. ಗುಮ್ಮಟದ ಅಡ್ಡಳತೆ ಸುಮಾರು 43 ಮೀಟರ್, ನಡುವಿನ ತೆರೆದ ಕಂಡಿಯಿಂದ ಮಳೆಯೂ ಒಳಗೆ ಬೀಳುತ್ತದೆ. 2023ರ ಜುಲೈಯಲ್ಲಿ ಪ್ರವಾಸಿಗರಿಗೆ ಇಲ್ಲಿ 5 ಯುರೋ ಶುಲ್ಕ ಆರಂಭವಾಯಿತು. ಬಲಿಪೂಜೆಗೆ ಬರುವವರಿಗೆ ಶುಲ್ಕವಿಲ್ಲ. ಸಮೀಪದ ಫ್ರೆಂಚರ ಸಂತ ಲೂಯಿ ಇಗರ್ಜಿಯಲ್ಲಿ ಕರವಾಜ್ಜೊ ಬಿಡಿಸಿದ ಸಂತ ಮತ್ತಾಯರ ಮೂರು ಚಿತ್ರಗಳಿವೆ, ಇವು ಉಚಿತ. ಪಿಯಾಝಾ ನವೋನಾದಲ್ಲಿ ಬರ್ನಿನಿ 1651ರಲ್ಲಿ ಪೂರೈಸಿದ ನಾಲ್ಕು ನದಿಗಳ ಕಾರಂಜಿ ಇದೆ. ಆ ನಾಲ್ಕರಲ್ಲಿ ಹುಟ್ಟು ಹಿಡಿದು ಕುಳಿತ ಒಂದು ಮೂರ್ತಿ ನಮ್ಮ ಗಂಗಾನದಿ. ಸಂಜೆಗೆ ಟ್ರೆವಿ ಕಾರಂಜಿ. ಅದರ ಕಟ್ಟೆಯ ಹತ್ತಿರ ಇಳಿಯಲು 2026ರ ಫೆಬ್ರವರಿಯಿಂದ ಪ್ರವಾಸಿಗರಿಗೆ 2 ಯುರೋ ಶುಲ್ಕ ವಿಧಿಸಲಾಗಿದೆ. ಮೇಲಿನಿಂದ ನೋಡಲು ಹಣ ಬೇಡ. ಜನರು ನೀರಿಗೆ ಹಾಕುವ ನಾಣ್ಯಗಳು ರೋಮ್‌ನ ಕಾರಿತಾಸ್ ಸಂಸ್ಥೆಯ ಮೂಲಕ ಬಡವರ ಸೇವೆಗೆ ಸಲ್ಲುತ್ತವೆ.

ನಾಲ್ಕನೆಯ ದಿನ ಉಳಿದ ಮೂರು ಮಹಾದೇವಾಲಯಗಳು. ಟರ್ಮಿನಿಯಿಂದ ನಡೆದೇ ಹೋಗಬಹುದಾದ ಸಂತ ಮರಿಯಮ್ಮನವರ ಮಹಾದೇವಾಲಯದಲ್ಲಿ 2025ರ ಏಪ್ರಿಲ್ 26ರಂದು ಜಗದ್ಗುರು ಫ್ರಾನ್ಸಿಸರನ್ನು ಸಮಾಧಿ ಮಾಡಲಾಯಿತು. ಸಮಾಧಿ ಅತ್ಯಂತ ಸರಳ. ಅನಂತರ ಮೆಟ್ರೊ ಎ ಮಾರ್ಗದಲ್ಲಿ ರೋಮ್ ಧರ್ಮಪ್ರಾಂತ್ಯದ ಪ್ರಧಾನಾಲಯವಾದ ಲಾಟರನ್, ಮೆಟ್ರೊ ಬಿ ಮಾರ್ಗದಲ್ಲಿ ಕೋಟೆಯ ಹೊರಗಿನ ಸಂತ ಪೌಲರ ಮಹಾದೇವಾಲಯ. ಈ ದೊಡ್ಡ ದೇವಾಲಯಗಳು ದಿನವಿಡೀ ತೆರೆದಿರುತ್ತವೆ. ಆದರೆ ಮೂರನೆಯ ದಿನ ಹೇಳಿದಂಥ ಚಿಕ್ಕ ಇಗರ್ಜಿಗಳು ಮಧ್ಯಾಹ್ನ ಹನ್ನೆರಡೂವರೆಯಿಂದ ಮೂರು, ನಾಲ್ಕು ಗಂಟೆಯವರೆಗೆ ಮುಚ್ಚಿರುವುದು ಸಾಮಾನ್ಯ. ನಿಮ್ಮ ಊಟ, ವಿಶ್ರಾಂತಿಯನ್ನೂ ಅದೇ ಹೊತ್ತಿಗೆ ಹೊಂದಿಸಿಕೊಳ್ಳಿ.

ಊಟ ತಿಂಡಿ

ರೋಮ್‌ನಲ್ಲಿ 'ಬಾರ್' ಎಂದರೆ ಹೆಂಡದಂಗಡಿಯಲ್ಲ, ಕಾಫಿ ತಿಂಡಿಯ ಅಂಗಡಿ. ಬೆಳಿಗ್ಗೆ ಕಪುಚಿನೊ ಕಾಫಿಯೂ ಕೊರ್ನೆಟ್ಟೊ ಎಂಬ ಸಿಹಿ ಬನ್ನೂ ಅಲ್ಲಿನವರ ತಿಂಡಿ. ಕಟ್ಟೆಯ ಬಳಿ ನಿಂತು ಕುಡಿದರೆ ಒಂದು ದರ, ಮೇಜಿನಲ್ಲಿ ಕುಳಿತರೆ ಇನ್ನೊಂದು. ಪ್ರಸಿದ್ಧ ಚೌಕಗಳಲ್ಲಿ ಈ ವ್ಯತ್ಯಾಸ ಎರಡು ಮೂರು ಪಟ್ಟು ಆಗಬಹುದು.

ಊಟದ ಮನೆಗಳು ಮಧ್ಯಾಹ್ನ ಸುಮಾರು ಹನ್ನೆರಡೂವರೆಯಿಂದ ಎರಡೂವರೆ, ಮೂರರವರೆಗೆ, ರಾತ್ರಿ ಏಳೂವರೆಯ ನಂತರ ತೆರೆದಿರುತ್ತವೆ. ನಡುವಿನ ಹೊತ್ತಿನಲ್ಲಿ ಹಸಿವಾದರೆ ತೂಕದ ಲೆಕ್ಕದಲ್ಲಿ ಕತ್ತರಿಸಿ ಕೊಡುವ ಪಿಜ್ಜಾ, ಅನ್ನದ ಉಂಡೆಯೊಳಗೆ ಚೀಸ್ ಇಟ್ಟು ಕರಿದ ಸುಪ್ಲಿ ಸಿಗುತ್ತವೆ. ರೋಮ್‌ನದೇ ಆದ ಪಾಸ್ತಾಗಳಲ್ಲಿ ಕಾಚೊ ಎ ಪೆಪೆ ಎಂಬುದರಲ್ಲಿ ಕುರಿಹಾಲಿನ ಚೀಸ್ ಮತ್ತು ಕರಿಮೆಣಸು ಮಾತ್ರ. ಮಾಂಸ ಬಿಟ್ಟವರಿಗೂ ಆಗುತ್ತದೆ. ಕಾರ್ಬೊನಾರಾದಲ್ಲಿ ಮೊಟ್ಟೆಯ ಜೊತೆ ಹಂದಿಯ ಕೆನ್ನೆಯ ಮಾಂಸವಿರುತ್ತದೆ.

ಮೀನು ಪ್ರಿಯರಾದ ನಮ್ಮವರು ಒಂದು ಎಚ್ಚರಿಕೆ ವಹಿಸಬೇಕು. ಪಟ್ಟಿಯಲ್ಲಿ ಮೀನಿನ ದರದ ಪಕ್ಕದಲ್ಲಿ 'ಎಟ್ಟೊ' ಎಂದಿದ್ದರೆ ಅದು 100 ಗ್ರಾಮಿನ ದರ. 8 ಯುರೋ ಎಂದು ನಂಬಿ 600 ಗ್ರಾಮಿನ ಮೀನು ಹೇಳಿದರೆ ಬಿಲ್ಲು 48 ಯುರೋ. ತೂಕ ಹಾಕಿಸಿ, ಒಟ್ಟು ಎಷ್ಟಾಗುತ್ತದೆ ಎಂದು ಕೇಳಿದ ಮೇಲೆಯೇ ಒಪ್ಪಿಕೊಳ್ಳಿ. ಬ್ರೆಡ್ಡಿಗೆ, ಸೇವೆಗೆ ಪ್ರತ್ಯೇಕ ಹಣ ಹಾಕುವುದೂ ಉಂಟು. ಇದು ದರಪಟ್ಟಿಯಲ್ಲಿ ಬರೆದಿರುತ್ತದೆ. ಟಿಪ್ಸ್ ಕೊಡಲೇಬೇಕೆಂಬ ರೂಢಿ ಅಲ್ಲಿಲ್ಲ. ಬೆಲೆ ಬರೆಯದ ಪಟ್ಟಿ ಇರುವಲ್ಲಿ, ಬೀದಿಗೆ ಬಂದು ಕರೆಯುವಲ್ಲಿ ಕುಳಿತುಕೊಳ್ಳಬೇಡಿ.

ನೀರಿಗೆ ಹಣ ಖರ್ಚು ಮಾಡಬೇಕಾಗಿಲ್ಲ. ನಗರದಾದ್ಯಂತ ಕಬ್ಬಿಣದ ಕುಡಿಯುವ ನೀರಿನ ನಲ್ಲಿಗಳು ಹಗಲಿರುಳು ಹರಿಯುತ್ತವೆ. ಒಂದು ಬಾಟಲಿ ಜೊತೆಗಿದ್ದರೆ ಸಾಕು. ಎರಡು ದಿನದಲ್ಲೇ ಅನ್ನ ಬೇಕೆನಿಸುವವರಿಗೆ ಟರ್ಮಿನಿಯ ಸಮೀಪದ ಪಿಯಾಝಾ ವಿಟ್ಟೊರಿಯೊ ಪ್ರದೇಶದಲ್ಲಿ ಭಾರತೀಯ, ಬಾಂಗ್ಲಾದೇಶೀಯ ಅಂಗಡಿಗಳಿವೆ. ಅಲ್ಲಿನ ಎಸ್ಕ್ವಿಲಿನೊ ಮಾರುಕಟ್ಟೆಯಲ್ಲಿ ಅಕ್ಕಿ, ಹಸಿಮೆಣಸು, ಮಸಾಲೆ ಸಾಮಾನು ದೊರೆಯುತ್ತವೆ. ಅಡುಗೆಮನೆ ಇರುವ ವಸತಿ ಹಿಡಿದರೆ ರಾತ್ರಿ ಗಂಜಿ ಬೇಯಿಸಿಕೊಳ್ಳಬಹುದು. ಆದರೆ ಊರಿನಿಂದ ಹಂದಿ ಉಪ್ಪಿನಕಾಯಿ, ಹಾಲಿನ ಸಿಹಿತಿಂಡಿ ಕಟ್ಟಿಕೊಂಡು ಹೋಗಬೇಡಿ. ಹೊರದೇಶದ ಪ್ರಯಾಣಿಕರು ಮಾಂಸ, ಹಾಲಿನ ಪದಾರ್ಥಗಳನ್ನು ಯುರೋಪ್ ಒಕ್ಕೂಟಕ್ಕೆ ತರುವುದು ನಿಷಿದ್ಧ. ಅಲ್ಲಿರುವ ನೆಂಟರಿಗೆ, ಧರ್ಮಭಗಿನಿಯರಿಗೆ ಎಂದು ಕೊಟ್ಟುಕಳುಹಿಸುವವರೂ ಇದನ್ನು ಗಮನಿಸಬೇಕು.

ಕೊಳ್ಳುವುದು

ಜಪಸರ, ಪದಕ, ಪಾಟಿಯಂಥ ವಸ್ತುಗಳನ್ನು ಬುಧವಾರದ ದರ್ಶನಕ್ಕೆ ಅಥವಾ ಭಾನುವಾರದ ಪ್ರಾರ್ಥನೆಗೆ ಮೊದಲೇ ಕೊಂಡು ಕೈಯಲ್ಲಿ ಹಿಡಿದುಕೊಂಡರೆ ಜಗದ್ಗುರುಗಳ ಆಶೀರ್ವಾದ ಅವುಗಳಿಗೂ ಸಲ್ಲುತ್ತದೆ. ವ್ಯಾಟಿಕನ್ ಸಮೀಪದ ಬೋರ್ಗೊ ಪಿಯೊ ಬೀದಿಯಲ್ಲಿ ಇಂಥ ಅಂಗಡಿಗಳು ಸಾಲಾಗಿವೆ. ಎರಡು ಮೂರು ಕಡೆ ದರ ವಿಚಾರಿಸಿ ಕೊಳ್ಳಿ. ಪೂಜಾವಸ್ತ್ರ, ಪಾತ್ರೆಗಳನ್ನು ಕೊಳ್ಳುವ ಗುರುಗಳಿಗೆ, ಧರ್ಮಕೇಂದ್ರಗಳಿಗೆ ಪ್ಯಾಂಥಿಯನ್ ಪಕ್ಕದ ವಿಯಾ ದೇಯಿ ಚೆಸ್ತಾರಿ ಬೀದಿ ಅನುಕೂಲ. ವಿವಾಹ ವಾರ್ಷಿಕೋತ್ಸವಕ್ಕೆ ಜಗದ್ಗುರುಗಳ ಆಶೀರ್ವಾದ ಪತ್ರ ಬೇಕಾದವರು ವ್ಯಾಟಿಕನ್‌ನ ದಾನಧರ್ಮ ಕಚೇರಿಯ ಮೂಲಕವೇ ಪಡೆಯಬೇಕು. 2015ರಿಂದ ಅಂಗಡಿಗಳ ಮೂಲಕ ಅದನ್ನು ಕೊಡುವುದನ್ನು ನಿಲ್ಲಿಸಲಾಗಿದೆ. ಆ ಹಣ ಬಡವರಿಗೆ ಹೋಗುತ್ತದೆ.

ಬಟ್ಟೆ, ಚಪ್ಪಲಿ, ಚರ್ಮದ ಚೀಲಗಳಿಗೆ ವಿಯಾ ದೆಲ್ ಕೊರ್ಸೊ ಮತ್ತು ವ್ಯಾಟಿಕನ್ ಬಳಿಯ ವಿಯಾ ಕೋಲಾ ದಿ ರಿಯೆಂಝೊ ಸಾಮಾನ್ಯರಿಗೆ ತಕ್ಕ ಬೀದಿಗಳು. ವಿಯಾ ಕೊಂಡೊಟ್ಟಿ ಕಣ್ಣಿಗೆ ಮಾತ್ರ. ವರ್ಷದ ರಿಯಾಯಿತಿ ಮಾರಾಟ ಜನವರಿಯ ಆರಂಭದಲ್ಲಿ, ಜುಲೈಯ ಆರಂಭದಲ್ಲಿ ತೊಡಗುತ್ತದೆ. ಭಾನುವಾರ ಬೆಳಿಗ್ಗೆ ಪೋರ್ಟಾ ಪೋರ್ಟೆಸೆ ಸಂತೆ ಇದೆ. ಅಲ್ಲಿ ಚೌಕಾಸಿ ನಡೆಯುತ್ತದೆ, ಜೇಬುಗಳ್ಳತನವೂ ನಡೆಯುತ್ತದೆ.

ಒಂದೇ ಅಂಗಡಿಯ ಒಂದೇ ಬಿಲ್ಲು 70 ಯುರೋ ಮೀರಿದರೆ ತೆರಿಗೆಯ ಒಂದು ಪಾಲು ಮರಳಿ ಸಿಗುತ್ತದೆ. 2024ರ ಫೆಬ್ರವರಿಯ ಮೊದಲು ಈ ಮಿತಿ ಸುಮಾರು 155 ಯುರೋ ಇತ್ತು. ಅಂಗಡಿಯಲ್ಲೇ ಪಾಸ್‌ಪೋರ್ಟ್ ತೋರಿಸಿ ಪತ್ರ ಮಾಡಿಸಬೇಕು, ಯುರೋಪ್ ಒಕ್ಕೂಟ ಬಿಡುವ ಕೊನೆಯ ವಿಮಾನ ನಿಲ್ದಾಣದಲ್ಲಿ ಕಸ್ಟಮ್ಸ್ ಒಪ್ಪಿಗೆ ಪಡೆಯಬೇಕು. ವಸ್ತು ತೋರಿಸಲು ಹೇಳಬಹುದಾದ್ದರಿಂದ ದೊಡ್ಡ ಪೆಟ್ಟಿಗೆಯನ್ನು ವಿಮಾನಕ್ಕೆ ಒಪ್ಪಿಸುವ ಮೊದಲೇ ಈ ಕೆಲಸ ಮುಗಿಸಿ. ಬೀದಿಬದಿ ಚಾದರ ಹಾಸಿ ಮಾರುವ ನಕಲಿ ಚೀಲಗಳನ್ನು ಮುಟ್ಟಬೇಡಿ. ಇಟಲಿಯ ಕಾನೂನಿನಲ್ಲಿ ಕೊಂಡವರಿಗೂ ದಂಡವಿದೆ.

ಎಚ್ಚರಿಕೆ ಮತ್ತು ಗುಂಪಿನ ನಾಯಕರಿಗೆ

ರೋಮ್‌ನಲ್ಲಿ ಹಲ್ಲೆಯ ಭಯ ಕಡಿಮೆ, ಕಿಸೆಗಳ್ಳರ ಭಯ ಹೆಚ್ಚು. ಟರ್ಮಿನಿಯಿಂದ ವ್ಯಾಟಿಕನ್ ಕಡೆಗೆ ಹೋಗುವ 64ನೇ ನಂಬ್ರದ ಬಸ್ಸು, ಮೆಟ್ರೊ ಎ ಮಾರ್ಗ ಇದಕ್ಕೆ ಹೆಸರಾದವು. ಪಾಸ್‌ಪೋರ್ಟ್, ಹಣವನ್ನು ಉಡುಪಿನ ಒಳಗೆ ಕಟ್ಟಿಕೊಳ್ಳಿ. ಪಾಸ್‌ಪೋರ್ಟ್ ಮತ್ತು ವೀಸಾದ ಪ್ರತಿಯನ್ನು ಬೇರೆ ಚೀಲದಲ್ಲೂ ಮೊಬೈಲ್‌ನಲ್ಲೂ ಇಡಿ. ಕೈಗೆ ದಾರ ಕಟ್ಟುವವರು, ಗುಲಾಬಿ ಕೊಡುವವರು, ರೋಮನ್ ಸೈನಿಕರ ವೇಷದಲ್ಲಿ ಫೋಟೋಗೆ ನಿಲ್ಲುವವರು, ಎಲ್ಲರೂ ಕೊನೆಗೆ ಹಣ ಕೇಳುವವರೇ. ತುರ್ತು ಕರೆಗೆ 112. ಸ್ಪ್ಯಾನಿಷ್ ಮೆಟ್ಟಿಲುಗಳ ಮೇಲೆ ಕುಳಿತುಕೊಳ್ಳುವುದು 2019ರಿಂದ ದಂಡಾರ್ಹ.

ಗುಂಪನ್ನು ಕರೆದೊಯ್ಯುವವರು ಹೊರಡುವ ಮೊದಲು ಪ್ರತಿಯೊಬ್ಬರ ಔಷಧಿಗಳ ಪಟ್ಟಿ ಮಾಡಿಸಿ, ವೈದ್ಯರ ಚೀಟಿಯೊಂದಿಗೆ ಕೈಚೀಲದಲ್ಲೇ ಇಡಿಸಬೇಕು. ಜೊತೆಗೆ ಬರುವ ಗುರುಗಳು ತಮ್ಮ ಧರ್ಮಾಧ್ಯಕ್ಷರಿಂದ ಪಡೆದ, ತಾವು ಗುರುಗಳೆಂದು ತೋರಿಸುವ ಅಧಿಕೃತ ಪತ್ರವನ್ನು ತರಬೇಕು. ಅದಿಲ್ಲದೆ ಅಲ್ಲಿನ ಬಲಿಪೀಠಗಳಲ್ಲಿ ಪೂಜೆ ಅರ್ಪಿಸಲು ಅನುಮತಿ ಸಿಗುವುದು ಕಷ್ಟ. ಬೀದಿಗಳು ಉರುಟು ಕಲ್ಲು ಹಾಸಿದವು. ಹೊಸ ಪಾದರಕ್ಷೆ ಕೊಂಡವರು ಊರಲ್ಲೇ ಒಂದು ತಿಂಗಳು ಧರಿಸಿ, ದಿನವೂ ಒಂದು ಗಂಟೆ ನಡೆದು ಅಭ್ಯಾಸ ಮಾಡಿಕೊಳ್ಳಲಿ. ನಡೆಯಲಾಗದವರು ಸಂಕೋಚವಿಲ್ಲದೆ ಮೊದಲೇ ತಿಳಿಸಿದರೆ ಅವರಿಗೆ ಗಾಲಿಕುರ್ಚಿಯ ವ್ಯವಸ್ಥೆ ಮಾಡಬಹುದು, ಆ ದಿನದ ಪಟ್ಟಿಯನ್ನೂ ಬದಲಿಸಬಹುದು.

ಕೊನೆಯದಾಗಿ, ನಿಮ್ಮ ಪಟ್ಟಿಯಲ್ಲಿ ಅರ್ಧ ದಿನವನ್ನು ಖಾಲಿ ಬಿಡಿ. ಮಳೆ ಬಂದು ತಪ್ಪಿದ್ದು, ಸಾಲು ಉದ್ದವಾಗಿ ಬಿಟ್ಟದ್ದು, ಇನ್ನೊಮ್ಮೆ ನೋಡಬೇಕೆನಿಸಿದ್ದು, ಎಲ್ಲಕ್ಕೂ ಅದೇ ಜಾಗ. ಏನೂ ಉಳಿಯದಿದ್ದರೆ ಯಾವುದಾದರೂ ಚಿಕ್ಕ ಇಗರ್ಜಿಯ ಬೆಂಚಿನಲ್ಲಿ ಸುಮ್ಮನೆ ಕುಳಿತುಕೊಳ್ಳಬಹುದು. ಅದಕ್ಕೂ ರೋಮ್‌ನಲ್ಲಿ ಟಿಕೆಟ್ ಇಲ್ಲ.